ಹೊಟ್ಟೆ ಮಾತು ಕೇಳಬೇಕಂತೆ. ಕೇಳಿ ಏನ್ ಮಾಡೋದು?



'ಇಂಟ್ಯೂಟಿವ್ ಈಟಿಂಗ್' ಅನ್ನೋ ಮಾತು ಈಗ ಕಾಲೇಜು ಹುಡುಗ ಹುಡುಗಿಯರ ಮೊಬೈಲಲ್ಲಿ ಓಡಾಡ್ತಿದೆ. ಅಮೆರಿಕದ ಇಬ್ಬರು ಆಹಾರ ತಜ್ಞೆಯರು 1995ರಲ್ಲಿ ಇದೇ ಹೆಸರಿನ ಪುಸ್ತಕ ಬರೆದರು. ಹಸಿವಾದಾಗ ಉಣ್ಣು, ತುಂಬಿದಾಗ ನಿಲ್ಲಿಸು, ಯಾವ ಊಟವನ್ನೂ ಒಳ್ಳೇದು ಕೆಟ್ಟದ್ದು ಅಂತ ವಿಂಗಡಿಸಬೇಡ, ದೇಹದ ಮಾತು ಕೇಳು. ತಿರುಳು ಇಷ್ಟೇ. ಮಾತು ಒಳ್ಳೇದೇ, ನನ್ನದೇನೂ ತಕರಾರಿಲ್ಲ.

ಆದರೆ ಸೊರಬದ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಶಿಕಾರಿಪುರದ ಕಾಲೇಜಿಗೆ ಬರೋ ಕೂಲಿಕಾರರ ಮಗಳಿಗೆ ಇದನ್ನ ಹೇಗೆ ಹೇಳ್ತೀರಿ? ತಿಂಡಿ ಇಲ್ಲದೆ ಹೊರಟವಳಿಗೆ ಹನ್ನೊಂದು ಗಂಟೆಗೇ ದೇಹ 'ಹಸಿವು' ಅನ್ನುತ್ತೆ. ಕೈಯಲ್ಲಿರೋದು ಬಸ್ ಪಾಸು ಮಾತ್ರ. ಹತ್ತನೇ ಕ್ಲಾಸಿನವರೆಗೆ ಬಿಸಿಯೂಟ ಇತ್ತು. 2022ರಲ್ಲಿ ರಾಜ್ಯದ ಎಲ್ಲಾ ಜಿಲ್ಲೆಗಳ ಸರ್ಕಾರಿ ಶಾಲೆಗಳಿಗೂ ಮೊಟ್ಟೆ ಬಂತು, 2024ರಲ್ಲಿ ವಾರಕ್ಕೆ ಆರು ದಿನವಾಯ್ತು. ಪಿಯುಸಿ, ಡಿಗ್ರಿಗೆ ಬಂದರೆ ಬಿಸಿಯೂಟವೇ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಹಸಿವೇ ಆಗಲ್ಲ! ನಮ್ಮ ಮಕ್ಕಳು ಕಲಿತಿರೋದು ಹೊಟ್ಟೆ ಮಾತನ್ನ ಕೇಳೋದಲ್ಲ, ಕೇಳಿಸದ ಹಾಗೆ ಇರೋದು.

ಹಾಸ್ಟೆಲ್ ಸೇರಿದವರಿಗೆ ಊಟ ಸಿಗುತ್ತೆ, ಸರಿ. ಆದರೆ ಊರಿಂದ ತಂದ ಒಣಮೀನಿನ ಚಟ್ನಿ ಡಬ್ಬಿ ತೆಗೆಯೋಕೆ ಅಂಜಿಕೆ. ಯಾರಾದರೂ ಮೂಗು ಮುಚ್ಚಿಕೊಂಡರೆ ಮುಗೀತು, ಮುಂದಿನ ಸಲ ಅವ್ವ ಕಟ್ಟಿಕೊಟ್ಟರೂ ಬೇಡ ಅಂತಾರೆ. ಇದು ಹಳ್ಳಿ ಹುಡುಗರ ಸಂಕೋಚ ಅನ್ನಬೇಡಿ. ಸಸ್ಯಾಹಾರಿಗಳಿಗೆ ಮೀಸಲಿಟ್ಟ ಮೇಜುಗಳನ್ನ ವಿರೋಧಿಸಿ ಪ್ರತಿಭಟಿಸಿದ ವಿದ್ಯಾರ್ಥಿಗೆ 2023ರಲ್ಲಿ ಐಐಟಿ ಬಾಂಬೆ 10,000 ರೂಪಾಯಿ ದಂಡ ಹಾಕಿತು. ಊಟವನ್ನ ಒಳ್ಳೇದು ಕೆಟ್ಟದ್ದು ಅಂತ ಈ ದೇಶದಲ್ಲಿ ವಿಂಗಡಿಸಿದ್ದು ಡಯಟ್ ಪುಸ್ತಕಗಳಲ್ಲ, ಜಾತಿ.

1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯ ಸಂಗಾತಿಗಳು ಏಟು ತಿಂದರು. ಯಾಕೆ? ನಮ್ಮ ದೇಹದ ಮಾನವನ್ನ ಇನ್ಯಾರೋ ತೀರ್ಮಾನಿಸಬಾರದು ಅಂತ. ನಮ್ಮ ತಟ್ಟೆಗೂ ಅದೇ ಮಾತು.

ಹಾಗಾಗಿ ಕೇಳೋಣ. ಸರ್ಕಾರಿ ಪಿಯು, ಪದವಿ ಕಾಲೇಜುಗಳಲ್ಲೂ ಮಧ್ಯಾಹ್ನದ ಬಿಸಿಯೂಟ ಕೊಡಿ. ಹಾಸ್ಟೆಲಿನ ಊಟದ ಪಟ್ಟಿ ಮಾಡುವಾಗ ಉಣ್ಣುವ ಮಕ್ಕಳನ್ನೇ ಕೂರಿಸಿಕೊಳ್ಳಿ. ಊಟದ ಹಾಲಿನಲ್ಲಿ ಪಂಕ್ತಿಭೇದ ಬೇಡ.

ಶಿಕಾರಿಪುರ, ಸೊರಬದ ಸಂಗಾತಿಗಳೇ, ನಿಮ್ಮ ಕಾಲೇಜಿನಲ್ಲಿ ತಿಂಡಿ ತಿನ್ನದೆ ಕ್ಲಾಸಿಗೆ ಬರೋರು ಎಷ್ಟು ಜನ ಅಂತ ಈ ವಾರ ವಿಚಾರಿಸಿ, ಬರೆದಿಡಿ. ಮನವಿ ಪತ್ರಕ್ಕೆ ಆ ಲೆಕ್ಕವೇ ಮೊದಲ ಸಾಲಾಗಲಿ.