ಬಾಲನ್ಯಾಯ: ನಡೆದ ದಾರಿ, ನಡೆಯಬೇಕಾದ ದಾರಿ

ತಪ್ಪುಗೈದ ಬಾಲಕನನ್ನು ಸಮಾಜವು ಯಾವ ಹೆಸರಿನಿಂದ ಕರೆಯುತ್ತದೆ ಎಂಬುದರ ಮೇಲೆಯೇ ಅವನನ್ನು ಎಲ್ಲಿಗೆ ಕಳುಹಿಸಲಿದೆ ಎಂಬುದನ್ನು ಊಹಿಸಬಹುದು. 1850ರ ಅಪ್ರೆಂಟಿಸರ ಕಾಯಿದೆಯು ಅನಾಥರನ್ನೂ ಚಿಲ್ಲರೆ ಅಪರಾಧ ಮಾಡಿದ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕಸುಬಿಗೆ ಹಚ್ಚಿತು. 1876 ಹಾಗೂ 1897ರ ಕಾಯಿದೆಗಳು ಬಾಲಕರನ್ನು ಸೆರೆಮನೆಯ ಬದಲು ಸುಧಾರಣಾ ಶಾಲೆಗೆ ಕಳುಹಿಸಿದವು. ಬೀಗ ಮಾತ್ರ ಹಾಗೆಯೇ ಉಳಿಯಿತು. ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ಬೇಕೆಂದು 1919-20ರ ಜೈಲುಗಳ ಸಮಿತಿ ಹೇಳಿದ ಮೇಲೆ 1920ರಲ್ಲಿ ಮದರಾಸು, 1924ರಲ್ಲಿ ಮುಂಬಯಿ ಪ್ರಾಂತಗಳು ಮಕ್ಕಳ ಕಾಯಿದೆಗಳನ್ನು ರಚಿಸಿದವು. ಹೀಗಾಗಿ ಧಾರವಾಡದ ಮಗುವಿಗೊಂದು ಕಾನೂನು, ಬಳ್ಳಾರಿಯ ಮಗುವಿಗೆ ಮತ್ತೊಂದು. ಏಕೀಕರಣದ ತರುವಾಯ 1964ರ ಮಕ್ಕಳ ಕಾಯಿದೆಯು ರಾಜ್ಯಕ್ಕೆಲ್ಲ ಒಂದೇ ಕಟ್ಟಳೆಯನ್ನು ತಂದಿತು.

1986ರಲ್ಲಿ ಕೇಂದ್ರವು ಬಾಲನ್ಯಾಯ ಕಾಯಿದೆಯನ್ನು ಮಾಡಿದಾಗ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷವೆಂದು ಗಡಿ ಹಾಕಿತು. 2000ದ ಕಾಯಿದೆಯು ಇಬ್ಬರಿಗೂ 18 ಎಂದಿತು. 'ಬಾಲಾಪರಾಧಿ' ಎಂಬ ಮಾತನ್ನೇ ಕೈಬಿಟ್ಟು 'ಕಾನೂನಿನೊಡನೆ ಸಂಘರ್ಷಕ್ಕೊಳಗಾದ' ಎಂಬ ಉದ್ದನೆಯ ನುಡಿಗಟ್ಟನ್ನು ಬಳಸಿತು. ಆ ಉದ್ದವನ್ನು ನಕ್ಕವರುಂಟು. ಆದರೆ ಅಪರಾಧವು ಮಗುವಿನ ಹೆಸರಾಗಬಾರದು ಎಂಬ ವಿವೇಕ ಅದರಲ್ಲಿದೆ.

2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯವು ಈ ಗತಿಯನ್ನು ತಿರುಗಿಸಿತು. ಅದರಲ್ಲಿ ಭಾಗಿಯಾಗಿದ್ದ ಬಾಲಕನು ಮೂರು ವರ್ಷ ಕಳೆದು ಬಿಡುಗಡೆಯಾದ ಎರಡೇ ದಿನಗಳಲ್ಲಿ, 2015ರ ಡಿಸೆಂಬರ್ 22ರಂದು, ರಾಜ್ಯಸಭೆಯು ಹೊಸ ಮಸೂದೆಗೆ ಒಪ್ಪಿಗೆಯಿತ್ತಿತು. ಇದರಂತೆ ಹೀನಾಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ವಯಸ್ಕರಂತೆ ವಿಚಾರಿಸಬಹುದು; ಅದಕ್ಕೆ ಮುನ್ನ ಬಾಲನ್ಯಾಯ ಮಂಡಳಿಯು ಅವರ ಮನೋಬಲ, ತಿಳಿವಳಿಕೆಗಳನ್ನು ತೂಗಿ ನೋಡಬೇಕು. ಜನರ ಸಂಕಟ ನಿಜವಾದುದೇ. ನೊಂದವರ ಮುಂದೆ ಕಾನೂನಿನ ಸೂಕ್ಷ್ಮಗಳನ್ನು ವಿವರಿಸುವುದು ಸುಲಭವಲ್ಲ. ಆದರೂ ಕೃತ್ಯ ನಡೆದು ತಿಂಗಳುಗಳಾದ ಮೇಲೆ ಅಂದಿನ ಮನಸ್ಸನ್ನು ಅಳೆಯುವ ತಕ್ಕಡಿ ಯಾರ ಬಳಿಯಿದೆ? ಈ ಕೆಲಸಕ್ಕೆ ಮನಶ್ಶಾಸ್ತ್ರಜ್ಞರ ನೆರವು ಅಗತ್ಯವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು.

ಮೇಲಿನ ಗಡಿಯ ಬಗ್ಗೆ ಇಷ್ಟೆಲ್ಲ ಚರ್ಚೆಯಾದರೂ ಕೆಳಗಿನ ಗಡಿಯನ್ನು ಯಾರೂ ಮುಟ್ಟಿಲ್ಲ. 1860ರ ದಂಡ ಸಂಹಿತೆಯು 7 ವರ್ಷದೊಳಗಿನ ಮಗುವಿಗೆ ಮಾತ್ರ ಪೂರ್ಣ ವಿನಾಯಿತಿ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. 12ರ ತನಕ ಬುದ್ಧಿ ಬಲಿಯದಿದ್ದರೆ ರಿಯಾಯಿತಿಯುಂಟು, ಅಷ್ಟೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು 2019ರಲ್ಲಿ 14 ವರ್ಷವನ್ನಾದರೂ ಕನಿಷ್ಠವಾಗಿಡಿ ಎಂದಿತು. ಎರಡನೆಯ ಇಯತ್ತೆಯಲ್ಲಿ ಮಗ್ಗಿ ಒಪ್ಪಿಸುವ ಮಗುವನ್ನು ಆರೋಪಿಯೆಂದು ಕಾಣುವ ಶಾಸನವು ಮುಂದಿನ ತಿದ್ದುಪಡಿಯಲ್ಲಿ ಮೊದಲು ಬದಲಾಗತಕ್ಕದ್ದು.

ಇನ್ನೊಂದು ಭಾಗ ಶಾಲೆಗಳ ಕೈಯಲ್ಲಿದೆ. ವಯಸ್ಕರಂತೆ ವಿಚಾರಣೆಗೊಳಗಾದವರನ್ನುಳಿದು ಮಿಕ್ಕ ಮಕ್ಕಳಿಗೆ ಹಳೆಯ ಅಪರಾಧದಿಂದ ಯಾವ ಅನರ್ಹತೆಯೂ ತಟ್ಟಬಾರದೆಂದು 2015ರ ಕಾಯಿದೆ ಹೇಳುತ್ತದೆ. ಆದರೆ ಬಾಲಮಂದಿರದಿಂದ ಮರಳಿದ ಹುಡುಗನು ಎದುರಿಸುವ ಮೊದಲ ನ್ಯಾಯಪೀಠವೆಂದರೆ ಮುಖ್ಯೋಪಾಧ್ಯಾಯರ ಮೇಜು. ಅವನಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಬೆಂಚಿನ ಮೇಲೆ ಒಂದು ಸ್ಥಳ ದೊರೆಯುವುದೇ ಇಲ್ಲವೇ ಎಂಬುದನ್ನು ನಿರ್ಧರಿಸುವವರು ಅವರೇ.