ಮನೆ ಮಾರುವ ಮುನ್ನ ಕಣ ನೋಡಿ



ಮಕ್ಕಳು ಬೆಂಗಳೂರು ಸೇರಿದ್ದಾರೆ, ಹಳೆಯ ಮನೆಯಲ್ಲಿ ಉಳಿದವರು ಇಬ್ಬರೇ. ಮಾರುವುದೋ, ಬಾಡಿಗೆಗೆ ಕೊಡುವುದೋ? ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಮಾತು ಮುಗಿದ ಮೇಲೆ ಕೇಳುವ ಪ್ರಶ್ನೆ ಇದು. ಬಾಡಿಗೆ ಎಷ್ಟು ಬಂದೀತು, ಮಾರಿದ ಹಣಕ್ಕೆ ಬ್ಯಾಂಕಿನ ಬಡ್ಡಿ ಎಷ್ಟು ಎಂದಷ್ಟೇ ಲೆಕ್ಕ ಹಾಕುತ್ತೇವೆ. ಈ ಲೆಕ್ಕ ಸಾಲದು. ಆ ಮನೆಯಲ್ಲಿ ಜನ ಮಾತ್ರ ಇದ್ದಾರೆಯೋ, ಕಸುಬೂ ಇದೆಯೋ ಎಂಬುದನ್ನು ಮೊದಲು ನೋಡಬೇಕು.

ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ಬೆಳೆಗಳ ಸೀಮೆಯಲ್ಲದ ಬಾಗಲಕೋಟೆ ಜಿಲ್ಲೆಯಲ್ಲಿದೆ. ರಬಕವಿ-ಬನಹಟ್ಟಿಯಲ್ಲಿ ಎಷ್ಟೋ ನೇಕಾರರ ಮಗ್ಗ ಇರುವುದು ಮನೆಯೊಳಗೇ. ಅಂಥ ಮನೆ ಮಾರಿದವನು ಮರುದಿನದಿಂದ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯಬೇಕು. ಮುಧೋಳದ ಕಬ್ಬಿನ ರೈತ ತೋಟದ ಮನೆಯಲ್ಲಿದ್ದು ಊರೊಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ ಅವನ ಕೆಲಸವೇನೂ ನಿಲ್ಲದು.

ಆಯ್ಕೆಯೇ ಇಲ್ಲದವರೂ ಅಲ್ಲಿದ್ದಾರೆ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ರಾಜ್ಯ ಸಚಿವ ಸಂಪುಟ ದರ ಗೊತ್ತುಮಾಡಿದ್ದು 2025ರಲ್ಲಿ. ಬೀಳಗಿ, ಜಮಖಂಡಿಯ ಹಿನ್ನೀರಿನ ಅಂಚಿನಲ್ಲಿ ನಡುವಿನ ಹದಿನೈದು ವರ್ಷ ಕಾದವರ ಮನೆಗಳನ್ನು ಯಾರು ಕೊಂಡಾರು? ಮುಳುಗುವ ಗೋಡೆಗೆ ಯಾರು ಸುಣ್ಣ ಬಳಿದಾರು? ನಮಗೆ ಆಯ್ಕೆ ಇದೆ. ಅವಸರದಲ್ಲಿ ಅದನ್ನು ಕಳೆದುಕೊಳ್ಳಬಾರದು.

ನಮ್ಮ ತೋಟದ ಮನೆಯೂ ಮಗ್ಗದ ಮನೆಯಂಥದೇ. ಕಾಫಿ ಒಣಗುವುದು ಅದರ ಕಣದಲ್ಲಿ, ಅಡಿಕೆ ಬೇಯುವುದು ಅದರ ಹಿತ್ತಿಲ ಒಲೆಯಲ್ಲಿ. ಕಣ ಕಳೆದುಕೊಂಡ ಸಣ್ಣ ಬೆಳೆಗಾರ ಹಣ್ಣು ಕಾಫಿಯನ್ನೂ ಹಸಿ ಅಡಿಕೆಯನ್ನೂ ಕೊಯ್ದ ದಿನವೇ ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕಾಗುತ್ತದೆ. ಬೆಲೆಗೆ ಕಾಯುವ ಶಕ್ತಿ ನಮಗೆ ಬಂದದ್ದು ಕಣದಿಂದ. ಆದ್ದರಿಂದ ತೋಟ ಇರುವ ತನಕ ತೋಟದ ಮನೆಯನ್ನು ಮಾರಬಾರದೆಂಬುದು ನನ್ನ ದೃಢ ಅಭಿಪ್ರಾಯ. ತೋಟವನ್ನೇ ಬಿಡುವುದಾದರೆ ಎರಡನ್ನೂ ಒಟ್ಟಿಗೆ ಮಾರಿ.

ಬೀಗ ಹಾಕಿಡುವುದೂ ಬೇಡ. ಎರಡು ಮಳೆಗಾಲದಲ್ಲಿ ಹೆಂಚು ಸರಿದು, ಜಂತೆಗೆ ಗೆದ್ದಲು ಹತ್ತುತ್ತದೆ. ಒಂದು ಪಾಲನ್ನು ಬಾಡಿಗೆಗೆ ಕೊಡಿ. ಕಣ, ಗೋದಾಮು, ಬಾವಿ ನಿಮ್ಮ ಕೈಯಲ್ಲೇ ಇರಲಿ. ಕರಾರಿನಲ್ಲಿ ತೋಟದ ಜಮೀನು ಸೇರಕೂಡದು. 1974ರ ಭೂಸುಧಾರಣೆ ಗೇಣಿಗೆ ಏನು ಮಾಡಿತೆಂಬುದನ್ನು ಹಿರಿಯರು ಬಲ್ಲರು. ಒಂದು ವರ್ಷ ಮೀರುವ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಮಕ್ಕಳ ಓದಿಗೆಂದು ಪೇಟೆಯಲ್ಲಿ ಮಾಡಿದ ಮನೆಯ ಮಾತು ಬೇರೆ. ಓದು ಮುಗಿದು, ತೋಟದ ಸಾಲ ಉಳಿದಿದ್ದರೆ ಅದನ್ನು ಮಾರಿ ಸಾಲ ತೀರಿಸುವುದೇ ಲೇಸು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳನ್ನೂ ಕೇಳಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಅವರಿಗೂ ಸಮಪಾಲು ಇದೆ. ಕ್ರಯಪತ್ರಕ್ಕೆ ಸಹಿ ಹಾಕುವ ದಿನ ಕರೆಸುವುದಲ್ಲ, ಮಾತು ಎತ್ತುವ ದಿನವೇ ಕೂರಿಸಿ ಕೇಳಬೇಕು.

ಮನೆ ಕಟ್ಟಿ ನೋಡು ಎಂದ ಹಿರಿಯರು ಮಾರಿ ನೋಡು ಎನ್ನಲಿಲ್ಲ. ಮಾರಿದ ಮೇಲೆ ನೋಡಲು ಏನೂ ಉಳಿಯುವುದಿಲ್ಲ.