ಕತ್ತು ಬರಿಯ ಕಂಬವಲ್ಲ

ಕತ್ತುನೋವು ಕೊಲ್ಲುವ ರೋಗವಲ್ಲ. ಆದುದರಿಂದಲೇ ನಮ್ಮಲ್ಲಿ ಅದಕ್ಕೆ ಗೌರವವಿಲ್ಲ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ನಾಲ್ಕು ದಿನ ತಾಳಿಕೊಂಡರೆ ತಾನೇ ಹೋಗುವುದೆಂದು ಹಿರಿಯರು ಹೇಳುತ್ತಾರೆ. ಬಹುವೇಳೆ ಹೋಗುವುದೂ ನಿಜ. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ನೋವನ್ನು ಬರಿಯ ನೋವೆಂದು ಎಣಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅದು ದೇಹದ ಚಲನೆಯನ್ನೂ ಸಮತೋಲವನ್ನೂ ಕೆಡಿಸಬಲ್ಲದು. ಸ್ನಾಯುಗಳಿಗೆ ಮೆದುಳು ಕೊಡುವ ಆಜ್ಞೆಗಳನ್ನೂ ಬದಲಿಸಬಲ್ಲದು.

ಬೀದರ ನಗರದ ಬಿದ್ರಿ ಕೆಲಸದ ಮನೆಗಳನ್ನು ನೋಡಿದವರಿಗೆ ಕತ್ತಿನ ದುಡಿಮೆ ಎಂತಹುದೆಂದು ಹೇಳಬೇಕಾದುದಿಲ್ಲ. ಸತುವು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುವ ಕುಶಲಿಯು ನೆಲದ ಮೇಲೆ ಕುಳಿತು, ತಲೆ ಬಾಗಿಸಿ, ತಾಸುಗಟ್ಟಲೆ ದುಡಿಯುತ್ತಾನೆ. ಬೀದರಿನ ಬಿದ್ರಿ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆತುದು ನಮಗೆಲ್ಲ ಹೆಮ್ಮೆಯ ವಿಷಯ. ಕೈಚಳಕವನ್ನು ಹೀಗೆ ಕೊಂಡಾಡುವ ನಾವು, ಆ ಕೈಯ ಮೇಲೆ ಬಾಗಿ ನಿಂತ ಕತ್ತನ್ನು ಮರೆಯಬಾರದು.

ಭೌತಶಾಸ್ತ್ರದ ಸನ್ನೆಗೋಲಿನ ಪಾಠವನ್ನು ಇಲ್ಲಿ ನೆನೆಯೋಣ. ವಯಸ್ಕನ ತಲೆ ಸುಮಾರು 5 ಕಿಲೋಗ್ರಾಂ ತೂಗುತ್ತದೆ. ಕತ್ತಿನ ಬುಡವನ್ನು ಆಧಾರಬಿಂದುವೆಂದೂ, ತಲೆಯ ಗುರುತ್ವಕೇಂದ್ರ ಅಲ್ಲಿಂದ 15 ಸೆಂಟಿಮೀಟರ್ ದೂರದಲ್ಲಿದೆಯೆಂದೂ, ಹಿಂಬದಿಯ ಸ್ನಾಯುಗಳು ಆ ಬಿಂದುವಿನಿಂದ 5 ಸೆಂಟಿಮೀಟರ್ ಹಿಂದೆ ಎಳೆಯುತ್ತವೆಯೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತಲೆ 30 ಡಿಗ್ರಿ ಬಾಗಿದಾಗ ಅದರ ಭಾರ ಆಧಾರದಿಂದ 7.5 ಸೆಂಟಿಮೀಟರ್ ಮುಂದೆ ಬೀಳುತ್ತದೆ, ಸ್ನಾಯುಗಳು 7.5 ಕಿಲೋ ತೂಕಕ್ಕೆ ಸಮನಾಗಿ ಎಳೆಯಬೇಕು. 60 ಡಿಗ್ರಿ ಬಾಗಿದರೆ ಆ ದೂರ 13 ಸೆಂಟಿಮೀಟರ್, ಎಳೆತ 13 ಕಿಲೋ. ತಲೆಯ ತೂಕ ಒಂದು ಗ್ರಾಮೂ ಹೆಚ್ಚಲಿಲ್ಲ. ಹೆಚ್ಚಿದುದು ದೂರ ಮಾತ್ರ. ಇದು ಸ್ಥೂಲವಾದ ಲೆಕ್ಕವಾದರೂ ತತ್ತ್ವ ಸರಿಯಾದುದೇ.

ಆದರೆ ಕತ್ತನ್ನು ಭಾರ ಹೊರುವ ಕಂಬವೆಂದಷ್ಟೇ ತಿಳಿದರೆ ಅರ್ಧ ಸತ್ಯವನ್ನು ತಿಳಿದಂತಾಯಿತು. ನಮ್ಮ ಒಳಕಿವಿಯಲ್ಲಿ ತಲೆಯ ಓಲಾಟವನ್ನು ಅಳೆಯುವ ಅಂಗವೊಂದಿದೆ. ತಲೆ ಓಲಿತೆಂದು ಅದು ಹೇಳಬಲ್ಲದು. ಇಡೀ ದೇಹ ಓಲಿತೋ ತಲೆ ಮಾತ್ರ ಬಾಗಿತೋ ಎಂಬುದನ್ನು ಅದೊಂದೇ ಹೇಳಲಾರದು. ತಲೆಗೂ ಮುಂಡಕ್ಕೂ ನಡುವಣ ಕೋನವನ್ನು ಅಳೆದು ಮೆದುಳಿಗೆ ತಿಳಿಸುವುದು ಕತ್ತಿನ ಕೆಲಸ. ಅದಕ್ಕಾಗಿಯೇ ತಲೆಬುರುಡೆಯ ಕೆಳಗಿನ ಸಣ್ಣ ಸ್ನಾಯುಗಳಲ್ಲಿ, ಹಿಗ್ಗುವಿಕೆಯನ್ನು ಅರಿಯುವ ಸೂಕ್ಷ್ಮ ಅಂಗಗಳು ಒತ್ತೊತ್ತಾಗಿ ತುಂಬಿವೆ. ನೆದರ್ಲೆಂಡ್ಸಿನ ಡಿ ಯೊಂಗ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಿಗೆ ಮರವಳಿಕೆಯ ಮದ್ದು ಚುಚ್ಚಿಸಿಕೊಂಡವರ ನಡಿಗೆ ತಡವರಿಸಿತು. ಅವರ ಕಣ್ಣು, ಕಿವಿ, ಕಾಲುಗಳಿಗೆ ಏನೂ ಆಗಿರಲಿಲ್ಲ. ಕತ್ತಿನ ವರದಿ ಮಾತ್ರ ನಿಂತಿತ್ತು.

ಬಹುದಿನದ ನೋವು ಈ ಮಾಪಕವನ್ನೇ ತಪ್ಪಿಸುತ್ತದೆ. ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಲ್ಲಿ ಶೂನ್ಯದೋಷವಿದ್ದರೆ ಎಷ್ಟು ಜಾಣ ವಿದ್ಯಾರ್ಥಿಯೂ ತಪ್ಪು ಅಳತೆಯನ್ನೇ ಬರೆಯುವನಷ್ಟೆ? ಫ್ರಾನ್ಸಿನ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಇಂತಹ ದೋಷವನ್ನು ಅಳೆದರು. ನೆತ್ತಿಗೆ ಬೆಳಕಿನ ಕಿರಣವೊಂದನ್ನು ಕಟ್ಟಿ, ಗೋಡೆಯಿಂದ 90 ಸೆಂಟಿಮೀಟರ್ ದೂರದಲ್ಲಿ ಕೂರಿಸಿ, ಕಣ್ಣು ಮುಚ್ಚಿ ತಲೆ ಹೊರಳಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ತರಲು ಹೇಳಿದರು. ಕತ್ತುನೋವಿದ್ದವರು ನೋವಿಲ್ಲದವರಿಗಿಂತ ಸರಾಸರಿಯಲ್ಲಿ ಹೆಚ್ಚು ತಪ್ಪಿದರು. ಆ ದೂರದಲ್ಲಿ 7 ಸೆಂಟಿಮೀಟರ್ ತಪ್ಪಿದರೆ ಅದು ಸುಮಾರು 4.5 ಡಿಗ್ರಿಯ ದೋಷ. ನೋವಿಲ್ಲದ ವಿದ್ಯಾರ್ಥಿಗಳು ಸಣ್ಣ ಟಾರ್ಚನ್ನು ತಲೆಗೆ ಕಟ್ಟಿಕೊಂಡು, ನಿಧಾನವಾಗಿ ತಲೆ ಹೊರಳಿಸಿ, ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು.

ನರಮಂಡಲದ ಆಜ್ಞೆಗಳೂ ಬದಲಾಗುತ್ತವೆ. ಕೈಯನ್ನು ಥಟ್ಟನೆ ಎತ್ತುವಾಗ ತಲೆ ಕದಲದಂತೆ ಮೆದುಳು ಕತ್ತಿನ ಸ್ನಾಯುಗಳಿಗೆ ಮುಂಗಡವಾಗಿಯೇ ಆಜ್ಞೆ ಕೊಟ್ಟಿರುತ್ತದೆ. ಬಹುಕಾಲದ ನೋವಿರುವವರಲ್ಲಿ ಒಳಪದರದ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುವುದನ್ನು ಆಸ್ಟ್ರೇಲಿಯದ ಫಾಲ್ಲಾ, ಜುಲ್, ಹಾಜಸ್ ಅವರು 2004ರಲ್ಲಿ ತೋರಿಸಿದರು. ಮೊದಲು ನೋವೋ, ಮೊದಲು ಈ ಬದಲಾವಣೆಯೋ ಎಂಬ ಪ್ರಶ್ನೆಯನ್ನು ಇಂತಹ ಪ್ರಯೋಗಗಳು ಬಗೆಹರಿಸಲಾರವು. ಆದರೆ ತಕ್ಕ ವ್ಯಾಯಾಮದಿಂದ ಕತ್ತಿನ ಸ್ಥಾನಜ್ಞಾನ ಸುಧಾರಿಸುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕೆಟ್ಟ ಮಾಪಕವನ್ನು ಮತ್ತೆ ಸರಿಗೊಳಿಸಬಹುದು ಎಂಬುದೇ ಇಲ್ಲಿನ ಶುಭವಾರ್ತೆ.

ಇದರಿಂದ ನಮ್ಮ ಊರುಗಳಿಗೆ ಆಗಬೇಕಾದುದೇನು? 2019ರಲ್ಲಿ ಕರ್ನಾಟಕ ಸರ್ಕಾರ ಶಾಲಾಚೀಲದ ತೂಕಕ್ಕೆ ಮಿತಿ ಹಾಕಿತು. 9 ಮತ್ತು 10ನೆಯ ತರಗತಿಗೆ 4ರಿಂದ 5 ಕಿಲೋ. ಒಳ್ಳೆಯ ಕ್ರಮವೇ. ಆದರೆ ತಕ್ಕಡಿ ಅಳೆಯುವುದು ತೂಕವನ್ನು. ಕತ್ತು ತಾಳುವುದು ತೂಕ, ದೂರ, ಕಾಲ ಈ ಮೂರರ ಹೊರೆಯನ್ನು. ಭಾಲ್ಕಿಯ ವಿದ್ಯಾರ್ಥಿಯೊಬ್ಬ ಪುಸ್ತಕವನ್ನು ನೆಲದ ಮೇಲಿಟ್ಟು ಮೂರು ತಾಸು ಓದಿ, ಆಮೇಲೆ ಮೊಬೈಲನ್ನು ಮಡಿಲಲ್ಲಿಟ್ಟು ನೋಡಿದರೆ, ಚೀಲ ಹಗುರವಾಗಿ ಏನು ಫಲ? ಔರಾದದ ಕಡೆ ಮೇವಿನ ಹೊರೆ ಹೊತ್ತು ಬದುವಿನ ಮೇಲೆ ನಡೆಯುವ ಹೆಂಗಸು ತಲೆಯನ್ನು ನೆಟ್ಟಗೆ ಇಟ್ಟು ದೂರವನ್ನು ಕಡಿಮೆ ಮಾಡಿಕೊಳ್ಳುತ್ತಾಳೆ. ಆದರೆ ಕೀಲುಗಳನ್ನು ಒತ್ತುವ ಭಾರ ಹಾಗೆಯೇ ಉಳಿಯುತ್ತದೆ. ನೋಯುವ ಕತ್ತಿನೊಡನೆ ಹಾಗೆ ನಡೆಯುವವಳಿಗೆ ಸಮತೋಲವೆಂಬುದು ಪಠ್ಯಪುಸ್ತಕದ ಮಾತಲ್ಲ, ಬೀಳುವ ಏಳುವ ಮಾತು.

ತಲೆಯನ್ನು ಕೆಲಸದ ಬಳಿಗೆ ಒಯ್ಯದೆ, ಕೆಲಸವನ್ನು ಕಣ್ಣಿನ ಬಳಿಗೆ ತರುವ ಏರ್ಪಾಡು ಬೇಕು. ಓದುವವರಿಗೆ ಓರೆಯಾದ ಡೆಸ್ಕು, ಅದಿಲ್ಲದಿದ್ದರೆ ಹಳೆಯ ಕಾಲದ ವ್ಯಾಸಪೀಠ. ಬಿದ್ರಿ ಕುಶಲಿಗೆ ಎತ್ತರದ ಪೀಠ. ಎಲ್ಲರಿಗೂ ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲುವ ಅಭ್ಯಾಸ. ಇವುಗಳಿಗೆ ಹೆಚ್ಚು ಹಣ ಬೇಡ. ಆದರೆ ಬಿದ್ದ ಬಳಿಕ ಬಂದ ನೋವು, ಕೈಗಳಲ್ಲಿ ಜೋಮು ಅಥವಾ ನಿಶ್ಶಕ್ತಿ, ತಲೆಸುತ್ತು, ನಡಿಗೆಯ ತಡವರಿಕೆ ಇವುಗಳಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರನ್ನು ಕಾಣಬೇಕು.

ಪ್ರಯೋಗಶಾಲೆಯ ತಕ್ಕಡಿಗೆ ಗಾಜಿನ ಮನೆ ಕಟ್ಟಿ ಗಾಳಿ ತಾಗದಂತೆ ಕಾಪಾಡುವ ನಾವು, ಹೆಗಲ ಮೇಲಿನ ಈ ಸೂಕ್ಷ್ಮ ಮಾಪಕವನ್ನು ಅಷ್ಟೇ ಜೋಕೆಯಿಂದ ನೋಡಿಕೊಳ್ಳುವುದು ಬೇಡವೆ?